ಹೆದ್ದಾರಿ ಅಗೆದಾಗ ಸಿಕ್ಕ ಹಕ್ಕಿ

ಮೂರೂವರೆ ಮೀಟರ್ ಎತ್ತರ, ನಾಲ್ಕೂವರೆ ಕ್ವಿಂಟಾಲ್ ತೂಕ. ಇದು ಎಮ್ಮೆಯ ಲೆಕ್ಕ ಅಲ್ಲ, ಹಕ್ಕಿಯದ್ದು! ಈಗಿನ ಮೂರು ಆಸ್ಟ್ರಿಚ್‌ಗಳನ್ನು ಒಟ್ಟಿಗೆ ತಕ್ಕಡಿಗೆ ಹಾಕಿದರೂ ಇದರ ತೂಕ ಬರುವುದು ಕಷ್ಟ. ಇಷ್ಟನ್ನೂ ಹೇಳಿದ್ದು ಒಂದೇ ಒಂದು ತೊಡೆಮೂಳೆ. ಆ ಮೂಳೆಯ ಕಥೆ ನನ್ನ ತಲೆಯಲ್ಲಿ ತುಂಬಾ ದಿನದಿಂದ ಕೂತಿದೆ, ಇವತ್ತು ಬರೆದುಬಿಡುತ್ತೇನೆ.

ಕಪ್ಪು ಸಮುದ್ರದ ಕ್ರಿಮಿಯಾ ಗೊತ್ತಲ್ಲ, 2014ರಲ್ಲಿ ರಷ್ಯಾ ಉಕ್ರೇನಿನಿಂದ ಕಿತ್ತುಕೊಂಡ ನೆಲ. ಅಲ್ಲಿ ರಷ್ಯಾ 'ತವ್ರಿದಾ' ಎಂಬ ಹೆದ್ದಾರಿ ಹಾಕುತ್ತಿತ್ತು. 2018ರ ಬೇಸಿಗೆಯಲ್ಲಿ ಜುಯಾ ಎಂಬ ಹಳ್ಳಿಯ ಹತ್ತಿರ ಅಗೆಯುವಾಗ ಸುಣ್ಣಕಲ್ಲಿನ ಗುಹೆಯೊಂದು ಬಾಯಿ ತೆರೆಯಿತು. ರಸ್ತೆಯ ಹೆಸರೇ ಗುಹೆಗೂ ಅಂಟಿಕೊಂಡಿತು. ಒಳಗಿನ ಮಣ್ಣಿನಲ್ಲಿ ಮೂಳೆಗಳೋ ಮೂಳೆಗಳು: ದಕ್ಷಿಣದ ಮ್ಯಾಮತ್, ದೈತ್ಯ ಒಂಟೆ, ಕಾಡೆಮ್ಮೆಯಂಥ ಬೈಸನ್, ಎಲಾಸ್ಮೊಥೀರಿಯಂ ಎಂಬ ಘೇಂಡಾಮೃಗ, ಕತ್ತಿಹಲ್ಲಿನ ಬೆಕ್ಕು. ಜೊತೆಗೆ ಈಗಿನದಕ್ಕಿಂತ ತುಂಬಾ ದೊಡ್ಡ ಕತ್ತೆಕಿರುಬ. ಬಹಳಷ್ಟು ಮೂಳೆಗಳನ್ನು ಒಳಗೆ ಎಳೆದು ತಂದದ್ದು ಈ ಕತ್ತೆಕಿರುಬಗಳೇ ಎನ್ನುತ್ತಾರೆ. ಕಾಲ ಸುಮಾರು 18ರಿಂದ 15 ಲಕ್ಷ ವರ್ಷಗಳ ಹಿಂದೆ, ಅಂದರೆ ಪ್ಲೀಸ್ಟೊಸೀನ್ ಯುಗದ ಆರಂಭದ ದಿನಗಳು.

ಆ ರಾಶಿಯಲ್ಲಿ ಸಿಕ್ಕ ಹಕ್ಕಿಯ ತೊಡೆಮೂಳೆ ಮಾಸ್ಕೋದ ಪ್ರಾಗ್ಜೀವಿ ವಿಜ್ಞಾನ ಸಂಸ್ಥೆಗೆ ಹೋಯಿತು. ನಿಕಿತಾ ಜೆಲೆಂಕೋವ್ ಮತ್ತು ಸಂಗಡಿಗರು 2019ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. ಹೆಸರು ಪ್ಯಾಕಿಸ್ಟ್ರೂಥಿಯೊ ಡ್ಮನಿಸೆನ್ಸಿಸ್.

ಒಂದು ಮೂಳೆಯಿಂದ ತೂಕ ಹೇಗೆ ಹೇಳ್ತಾರೆ ಅಂತ ನನಗೂ ಅನುಮಾನ ಬಂದಿತ್ತು. ಸರಳ ಲೆಕ್ಕ ಕಣ್ರೀ. ನೆಲದ ಮೇಲೆ ನಿಂತ ಹಕ್ಕಿಯ ಇಡೀ ಭಾರ ಎರಡೇ ಕಾಲಿನ ಮೇಲೆ. ಮನೆ ಭಾರವಾದಷ್ಟೂ ಕಂಬ ದಪ್ಪ ಆಗಲೇಬೇಕು. ಈಗ ಬದುಕಿರುವ ಹಕ್ಕಿಗಳ ತೊಡೆಮೂಳೆಯ ಸುತ್ತಳತೆ ಮತ್ತು ತೂಕ ಎರಡನ್ನೂ ಅಳೆದು ಒಂದು ಸೂತ್ರ ಮಾಡಿಟ್ಟುಕೊಂಡಿದ್ದಾರೆ. ಅದರಲ್ಲಿ ಈ ಮೂಳೆಯ ಸುತ್ತಳತೆ ಹಾಕಿದಾಗ ಬಂದದ್ದು 450 ಕಿಲೋ. ಎತ್ತರ ಮಾತ್ರ ಇಷ್ಟು ಗಟ್ಟಿ ಲೆಕ್ಕ ಅಲ್ಲ. ಕುತ್ತಿಗೆ ಯಾರಿಗೂ ಸಿಕ್ಕಿಲ್ಲವಲ್ಲ.

ತೂಕಕ್ಕಿಂತ ನನಗೆ ಹಿಡಿಸಿದ್ದು ಮೂಳೆಯ ಆಕಾರ. ಮಡಗಾಸ್ಕರಿನ ಆನೆಹಕ್ಕಿ ಇದಕ್ಕಿಂತಲೂ ಭಾರದ್ದು, ಆದರೆ ಅದರ ತೊಡೆ ಗಿಡ್ಡ, ದಪ್ಪ. ನ್ಯೂಜಿಲೆಂಡಿನ ಮೋವಾ ಕೂಡ ದ್ವೀಪದ ಹಕ್ಕಿಯೇ. ಅಟ್ಟಿಸಿಕೊಂಡು ಬರುವ ದೊಡ್ಡ ಮೃಗಗಳಿಲ್ಲದ ಕಡೆ ಹಕ್ಕಿ ಹೀಗೆ ಬೆಳೆಯಬಹುದು ಎಂಬುದು ರೂಢಿಯ ವಿವರಣೆ. ಕ್ರಿಮಿಯಾದ ಮೂಳೆ ಆನೆಹಕ್ಕಿಯದ್ದಕ್ಕಿಂತ ನೀಳ, ಆಸ್ಟ್ರಿಚ್‌ನದ್ದಕ್ಕೆ ಹತ್ತಿರ. ಅಂದರೆ ಈ ದೈತ್ಯ ಓಡುತ್ತಿತ್ತು! ಓಡಲೇಬೇಕಿತ್ತು, ಪಕ್ಕದಲ್ಲೇ ಕತ್ತಿಹಲ್ಲಿನ ಬೆಕ್ಕು ಇತ್ತಲ್ಲ.

ಹೆಸರಿನಲ್ಲಿರುವ ಡ್ಮನಿಸಿ ಜಾರ್ಜಿಯಾದ ಒಂದು ಊರು. ಅಲ್ಲಿನ ಹಳೇ ಪಟ್ಟಣದ ಅವಶೇಷಗಳ ನಡುವೆ 1983ರಲ್ಲಿ ಅಬೆಸಲೋಮ್ ವೆಕುವಾ ಅಳಿದುಹೋದ ಘೇಂಡಾಮೃಗದ ಹಲ್ಲೊಂದನ್ನು ಗುರುತಿಸಿದ್ದರು. ಇದೇ ಜಾತಿಯ ಹಕ್ಕಿಯ ತೊಡೆಮೂಳೆಯೂ ಅಲ್ಲಿ ಸಿಕ್ಕಿ, 1990ರಲ್ಲಿ ಅದನ್ನು ಆಸ್ಟ್ರಿಚ್ ಎಂದೇ ಹೆಸರಿಸಿದರು. ಮರುವರ್ಷ ಮನುಷ್ಯಕುಲದ ದವಡೆ ಸಿಕ್ಕಿತು, ಆಮೇಲೆ ತಲೆಬುರುಡೆಗಳು. ವಯಸ್ಸು ಸುಮಾರು 18 ಲಕ್ಷ ವರ್ಷ, ಆಫ್ರಿಕಾದ ಹೊರಗೆ ಸಿಕ್ಕ ಅತಿ ಹಳೆಯ ಮನುಷ್ಯರಲ್ಲಿ ಇವರೂ ಸೇರಿದ್ದಾರೆ. ಎಲ್ಲರ ಗಮನ ಆ ಕಡೆ ಹೋಯಿತು, ಹಕ್ಕಿ ಮೂಲೆಗೆ ಸರಿಯಿತು.

2019ರ ಸುದ್ದಿಗಳಲ್ಲಿ ಈ ಎರಡೂ ಮತ್ತೆ ಸೇರಿದವು. ಆದಿಮಾನವರು ಇದರ ಮಾಂಸ, ಮೊಟ್ಟೆ, ಗರಿ ಬಳಸಿರಬಹುದು ಎಂದು ಬಂತು. 'ಬಹುದು' ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಮಾರಾಯ್ರೆ. ಡ್ಮನಿಸಿಯಲ್ಲಿ ಇಬ್ಬರೂ ಒಂದೇ ಬಯಲಲ್ಲಿ ಇದ್ದರು ಅನ್ನುವವರೆಗೆ ಒಪ್ಪೋಣ. ಬೇಟೆಯಾಡಿದರು ಅನ್ನಬೇಕಾದರೆ ಮೂಳೆಯ ಮೇಲೆ ಕಲ್ಲಿನ ಚೂರಿಯ ಗುರುತು ಬೇಕು. ಕತ್ತೆಕಿರುಬದ ಗವಿಯ ಮೂಳೆ ಹೇಳುವುದು ಕತ್ತೆಕಿರುಬದ ಊಟದ ಕಥೆ, ನಮ್ಮದಲ್ಲ.

ಅಂದಹಾಗೆ, ಆಸ್ಟ್ರಿಚ್ ನಮಗೂ ಹೊರಗಿನದಲ್ಲ. ಮಹಾರಾಷ್ಟ್ರದ ಪಾಟಣೆಯಲ್ಲಿ ಗೀರು ಚಿತ್ತಾರ ಇರುವ ಅದರ ಮೊಟ್ಟೆಚಿಪ್ಪು ಸಿಕ್ಕಿದೆ. ಅಲ್ಲಿ ಮನುಷ್ಯನ ಕೈ ಕಣ್ಣಿಗೇ ಕಾಣುತ್ತದೆ. ಸಾಕ್ಷಿ ಅಂದರೆ ಅಂಥದ್ದು.

ಇನ್ನು ಆ ಮೂಳೆ ಯಾರದ್ದು? 2014ರ ಮಾರ್ಚಿನಲ್ಲೇ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಉಕ್ರೇನಿನ ಗಡಿಯನ್ನು ಎತ್ತಿಹಿಡಿದು, ಕ್ರಿಮಿಯಾದ ಸ್ಥಾನಮಾನ ಬದಲಾಗಿದೆ ಎಂದು ಮಾನ್ಯ ಮಾಡಬೇಡಿ ಎಂದು ದೇಶಗಳಿಗೆ ಹೇಳಿತ್ತು. ಗುಹೆ ತೆರೆದದ್ದು ಅದಾದ ನಾಲ್ಕು ವರ್ಷಕ್ಕೆ. ಜೆಲೆಂಕೋವ್ ಅವರ ಕೆಲಸದ ಗುಣಮಟ್ಟದ ಬಗ್ಗೆ ನನಗೆ ತಕರಾರಿಲ್ಲ, ಮೂಳೆಯನ್ನು ಚೆನ್ನಾಗಿಯೇ ಓದಿದ್ದಾರೆ. ಆದರೆ ದಿಗ್ಗಜ ಹಕ್ಕಿ ಸಿಕ್ಕ ಸಂಭ್ರಮದ ಸುದ್ದಿ ಓದುವಾಗ, ಆ ರಸ್ತೆ ಯಾರು ಯಾಕೆ ಹಾಕಿದ್ದು ಅನ್ನುವುದನ್ನೂ ಒಂದು ಸಾಲಿನಲ್ಲಾದರೂ ಬರೆಯಬೇಕಿತ್ತು ಅನ್ನಿಸಿತು. ಉಕ್ರೇನಿನ ನೆಲದ ಮೂಳೆಗೆ ಮಾಸ್ಕೋದ ಸಂಗ್ರಹದ ನಂಬರ್ ಬಿದ್ದಿದೆ.