ಗಂಜಿನ ಬೇವಿನ ಮರ, ಅಳಿಯನ ಹುಬ್ಬು ಮತ್ತು ಸರಪಳಿ ಗರಗಸದ ಜಾತಕ

ಹೋದ ತಿಂಗಳು ನನ್ನ ಅಕ್ಕನ ಮಗನ ಕಣ್ಣು ಸ್ವಲ್ಪದರಲ್ಲಿ ಉಳಿಯಿತು. ಕಣ್ಣು ತೆಗೆಯಲು ಹೊರಟವನು ಬೇರೆ ಯಾರೂ ಅಲ್ಲ, ನಾನೇ. ಆಯುಧ: ಉದ್ದ ಕೋಲಿನ ತುದಿಗೆ ಪುಟ್ಟ ಸರಪಳಿ ಗರಗಸ ಕೂಡಿಸಿದ, ಕರೆಂಟಿನ ಮೇಲೆ ಓಡುವ ಯಂತ್ರ. ಅಂಗಡಿಯವರು ಪೋಲ್ ಸಾ ಅಂತಾರೆ. ಆಮೇಲೆ ಎರಡು ವಾರ ಬೇರೆ ಕೆಲಸ ಬಿಟ್ಟು ಈ ಸರಪಳಿಯ ಜಾತಕ ಹುಡುಕುತ್ತಾ ಕೂತೆ. ಸಿಕ್ಕಿದ್ದು ನಾನು ಎಣಿಸದೇ ಇದ್ದ ಕಥೆ. ಸ್ವಲ್ಪ ಉದ್ದ ಆದೀತು, ಸಹಿಸಿಕೊಳ್ಳಿ :)

ನಮ್ಮ ಮನೆ ಇರೋದು ಬೀದರಿನ ಗಾಂಧಿ ಗಂಜಿನಲ್ಲಿ. ಗಂಜ್ ಅಂದರೆ ತೊಗರಿ, ಉದ್ದು, ಸೋಯಾ ಚೀಲಗಳು, ಅಡತಿ ಅಂಗಡಿಗಳು, ಹಮಾಲರ ಕೂಗು. ಮನೆ ಹಿಂದೆ ಒಂದು ಬೇವಿನ ಮರ. ಅದರ ಒಂದು ಟೊಂಗೆ ಪಕ್ಕದವರ ತಗಡಿನ ಮೇಲೆ ವಾಲಿತ್ತು. ನಮ್ಮ ಕಡೆ ಆಡು ಕಾಯುವವರು ಜಾಲಿ ಸೊಪ್ಪು ಇಳಿಸಲು ಬಿದಿರಿನ ಗಳಕ್ಕೆ ಕುಡುಗೋಲು ಕಟ್ಟಿಕೊಂಡು ತಿರುಗುತ್ತಾರಲ್ಲ, ಮಲೆನಾಡಿನ ಅಡಿಕೆಯವರ ದೋಟಿ ಇದೆಯಲ್ಲ, ಈ ಯಂತ್ರವೂ ಅದೇ ವಂಶದ್ದು. ತುದಿಯಲ್ಲಿ ಕುಡುಗೋಲಿನ ಬದಲು ಓಡುವ ಸರಪಳಿ, ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆ. ಕುಡುಗೋಲು ಹಿಡಿದ ಕೈ ಮಾತು ಕೇಳುತ್ತದೆ. ಸರಪಳಿ ಕೇಳುವುದಿಲ್ಲ.

ನಾನು ಮಾಡಿದ ತಪ್ಪುಗಳನ್ನು ಒಂದೊಂದಾಗಿ ಒಪ್ಪಿಕೊಳ್ಳುತ್ತೇನೆ. ಮೊದಲನೆಯದು ಎಣ್ಣೆ. ಈ ಸರಪಳಿಗೆ ಓಡುವಾಗ ಎಣ್ಣೆ ಸಿಗುತ್ತಲೇ ಇರಬೇಕು, ಅದಕ್ಕೇ ಒಂದು ಪುಟ್ಟ ಡಬ್ಬಿ ಇರುತ್ತದೆ. ನಾನು ಗಂಜಿನ ಹುಡುಗ, ಎಣ್ಣೆಗೇನು ಬರ? ಅಡುಗೆಮನೆಯ ಕುಸುಬಿ ಎಣ್ಣೆ ಸುರಿದೆ. ಕುಸುಬಿ ಎಣ್ಣೆಯ ಗುಣ ಏನಂದರೆ ಗಾಳಿಗೆ ತೆರೆದಿಟ್ಟರೆ ಅಗಸೆ ಎಣ್ಣೆಯ ಹಾಗೆ ನಿಧಾನಕ್ಕೆ ಒಣಗಿ ಅಂಟಾಗುತ್ತದೆ, ಬಣ್ಣ-ವಾರ್ನಿಷ್ ಮಾಡುವವರಿಗೆ ಬೇಕಾಗಿರುವುದೂ ಆ ಗುಣವೇ. ಎರಡು ತಿಂಗಳು ಮೂಲೆಯಲ್ಲಿಟ್ಟು ತೆಗೆದಾಗ ಸರಪಳಿ ಬೆಲ್ಲದ ಪಾಕದಲ್ಲಿ ಅದ್ದಿದ ಚಕ್ಕುಲಿಯಂತೆ ಸೆಟೆದುಕೊಂಡಿತ್ತು. ಡೀಸೆಲಿನಲ್ಲಿ ನೆನೆಹಾಕಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೂ ಕೆಲವು ಕೊಂಡಿ ಬಗ್ಗಲಿಲ್ಲ.

ಹೊಸದು ತಂದೆ. ಅದು ಎರಡನೇ ತಪ್ಪು, ಯಾಕಂದರೆ ‘ಹತ್ತು ಇಂಚಿಂದು ಕೊಡ್ರಿ’ ಅಂದು ತಂದೆ. ಸರಪಳಿಗೆ ಇಂಚು ಸಾಲದು, ಮೂರು ಲೆಕ್ಕ ಬೇಕು. ಪಿಚ್ ಅಂದರೆ ಒಂದರ ಪಕ್ಕ ಒಂದು ಇರುವ ಮೂರು ರಿವೆಟ್ಟುಗಳ ನಡುವಿನ ಅಂತರದ ಅರ್ಧ. ಗೇಜ್ ಅಂದರೆ ಬಾರಿನ ಗಾಡಿಯೊಳಗೆ ಕೂರುವ ಕೊಂಡಿಯ ದಪ್ಪ. ಮೂರನೆಯದು ಆ ಒಳಗಿನ ಕೊಂಡಿಗಳ ಎಣಿಕೆ. ನನ್ನದಕ್ಕೆ 40 ಬೇಕು, ತಂದದ್ದರಲ್ಲಿ 44. ಬಿಗಿ ಮಾಡುವ ಸ್ಕ್ರೂ ಕೊನೆವರೆಗೆ ತಿರುಗಿಸಿದರೂ ಮದುವೆಮನೆಯ ತೋರಣದ ಹಾಗೆ ಜೋತಾಡಿತು. ಮತ್ತೆ ಹೋಗಿ ಬದಲಿಸಿಕೊಂಡು ಬಂದೆ.

ಮೂರನೇ ತಪ್ಪಿಗೆ ಆಮೇಲೆ ಬರುತ್ತೇನೆ. ಮೊದಲು ಜಾತಕ.

ಸರಪಳಿ ಗರಗಸ ಹುಟ್ಟಿದ್ದು ಕಾಡಿನಲ್ಲಲ್ಲ, ಹೆರಿಗೆ ಕೋಣೆಯಲ್ಲಿ! ಮಗು ಸಿಕ್ಕಿಕೊಂಡಾಗ ತಾಯಿಯ ಸೊಂಟದ ಮುಂಭಾಗದ ಮೆದುಮೂಳೆಯ ಕೂಡನ್ನು ಕೊಯ್ದು ಜಾಗ ಮಾಡುವ ಶಸ್ತ್ರಕ್ರಿಯೆಯನ್ನು ಪ್ಯಾರಿಸಿನ ಸಿಗೋ ಎಂಬ ವೈದ್ಯ 1777ರಲ್ಲಿ ಮಾಡಿ ಹೆಸರಾದ. ಆಗ ಸಿಸೇರಿಯನ್ ಅಂದರೆ ಬಹುಮಟ್ಟಿಗೆ ತಾಯಿಯ ಸಾವು. ಚಾಕುವಿನಿಂದ ಕೊಯ್ಯುವುದು ಕಷ್ಟ, ನಿಧಾನ. ಸ್ಕಾಟ್ಲೆಂಡಿನ ಎಡಿನ್‌ಬರೋದ ಜಾನ್ ಐಟ್ಕೆನ್ 1785ರ ತನ್ನ ಪ್ರಸೂತಿ ಪುಸ್ತಕದಲ್ಲಿ ಬಾಗುವ ಗರಗಸವೊಂದರ ಚಿತ್ರ ಕೊಟ್ಟ. ಗಡಿಯಾರದ ಚೈನಿನಂಥ ಸಣ್ಣ ಸರಪಳಿ, ಒಳಬದಿಗೆ ಹಲ್ಲು, ಎರಡೂ ತುದಿಗೆ ಹಿಡಿ. ಮೂಳೆಯ ಹಿಂದಿನಿಂದ ತೂರಿಸಿ, ಮಜ್ಜಿಗೆ ಕಡೆಯುವ ಹಗ್ಗದ ಹಾಗೆ ಆ ಕಡೆ ಈ ಕಡೆ ಎಳೆಯುವುದು. ಗ್ಲಾಸ್ಗೋದಲ್ಲಿ ಅಂಗರಚನೆ ಕಲಿಸುತ್ತಿದ್ದ ಜೇಮ್ಸ್ ಜೆಫ್ರಿಯೂ ಇಂಥದ್ದನ್ನೇ ಮಾಡಿಸಿ ಕೊಳೆತ ಕೀಲುಗಳನ್ನು ತೆಗೆಯಲು ಬಳಸಬಹುದು ಅಂದ. ಅರಿವಳಿಕೆಯಾಗಿ ಈಥರ್ ಬಂದದ್ದು 1846ರಲ್ಲಿ, ಕ್ಲೋರೋಫಾರ್ಮ್ 1847ರಲ್ಲಿ. ಅದಕ್ಕೆ ಮೊದಲು ಆ ಕೋಣೆಗಳಲ್ಲಿ ಮಲಗಿದ್ದ ಹೆಂಗಸರಿಗೆ ಪ್ರಜ್ಞೆ ಇತ್ತು. ಇದನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಇಂದಿನ ಯಂತ್ರದ ರೂಪ ಮೊದಲು ಬಂದದ್ದೂ ವೈದ್ಯರ ಕೈಯಲ್ಲೇ. ಜರ್ಮನಿಯ ವ್ಯೂರ್ಟ್ಸ್‌ಬುರ್ಗಿನ ಬರ್ನ್‌ಹಾರ್ಡ್ ಹೈನೆ 1830ರಲ್ಲಿ ಒಂದು ಉದ್ದ ಪಟ್ಟಿಯ ಸುತ್ತ ಸರಪಳಿ ಹಾಕಿ, ಹಿಡಿ ತಿರುಗಿಸಿದರೆ ಅದು ಸುತ್ತುವಂತೆ ಮಾಡಿದ. ತಲೆಬುರುಡೆಯನ್ನು ಚೂರು ಹಾರದಂತೆ ಕೊಯ್ಯಲು ಅದು ಬೇಕಿತ್ತು. ಅದರ ಚಿತ್ರ ನೋಡಿ, ನನ್ನ ಪೋಲ್ ಸಾ ನೋಡಿ... ಅಜ್ಜ-ಮೊಮ್ಮಗ ಅಂತ ಯಾರಾದರೂ ಹೇಳಬಹುದು.

ಮರದ ಕಡೆ ಬಂದದ್ದು ತಡವಾಗಿ. ಸ್ಯಾನ್ ಫ್ರಾನ್ಸಿಸ್ಕೋದ ಸ್ಯಾಮ್ಯುಯೆಲ್ ಬೆನ್ಸ್ ದೈತ್ಯ ರೆಡ್‌ವುಡ್ ಮರಗಳಿಗೆಂದು 1905ರಲ್ಲಿ ಪೇಟೆಂಟ್ ಪಡೆದ. 1926ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಆಂಡ್ರಿಯಾಸ್ ಸ್ಟಿಲ್ ಮಾಡಿದ ಗರಗಸ ಕರೆಂಟಿನದೇ, ಎತ್ತಲು ಇಬ್ಬರು ಬೇಕಿತ್ತು. ಮರುವರ್ಷ ಎಮಿಲ್ ಲೆರ್ಪ್ ತನ್ನ ಪೆಟ್ರೋಲ್ ಗರಗಸವನ್ನು ಡೋಲ್ಮಾರ್ ಎಂಬ ಗುಡ್ಡದ ಮೇಲೆ ಪರೀಕ್ಷಿಸಿ, ಗುಡ್ಡದ ಹೆಸರನ್ನೇ ಕಂಪನಿಗೆ ಇಟ್ಟ. ಅಂದರೆ ನಾನು ‘ಹೊಸ ಕಾಲದ ವಸ್ತು’ ಅಂತ ಜಂಬದಿಂದ ತಂದ ಕರೆಂಟಿನ ಗರಗಸ, ಪೆಟ್ರೋಲಿನದಕ್ಕಿಂತ ಒಂದು ವರ್ಷ ದೊಡ್ಡದು.

ಮೋಟರು ಬಂತು, ಆದರೆ ಹಲ್ಲು ಹಳೆಯದೇ ಉಳಿಯಿತು. ಕೈಗರಗಸದ ಮೊನಚು ಹಲ್ಲುಗಳನ್ನೇ ಸರಪಳಿಗೆ ಕೂರಿಸಿದ್ದರು. ಅದು ಮರವನ್ನು ಕೊಯ್ಯುತ್ತಿರಲಿಲ್ಲ, ಕೆರೆಯುತ್ತಿತ್ತು. ಬೇಗ ಮೊಂಡಾಗುತ್ತಿತ್ತು, ಮಸೆಯುವುದರಲ್ಲೇ ದಿನ ಹೋಗುತ್ತಿತ್ತು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್ 1946ರಲ್ಲಿ ಒಂದು ಬೊಡ್ಡೆಯಲ್ಲಿ ದುಂಬಿಯ ಮರಿಹುಳ ತಿನ್ನುವುದನ್ನು ನೋಡುತ್ತಾ ನಿಂತ. ಬೆರಳುದ್ದದ ಹುಳ, ಗಟ್ಟಿ ಮರದೊಳಗೆ ಅಡ್ಡಕ್ಕೂ ಉದ್ದಕ್ಕೂ ಸಲೀಸಾಗಿ ಹೋಗುತ್ತಿದೆ. ಅದರ ದವಡೆ ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿತ್ತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಕಚ್ಚುತ್ತಿತ್ತು. ಕಾಕ್ಸ್ ಪೋರ್ಟ್‌ಲೆಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಆ ದವಡೆಯನ್ನು ಉಕ್ಕಿನಲ್ಲಿ ಮಾಡಿದ. 1947ರ ನವೆಂಬರಿನಲ್ಲಿ ಮಾರಾಟಕ್ಕೆ ಬಂತು. ಇವತ್ತು ಜಗತ್ತಿನ ಬಹುಪಾಲು ಸರಪಳಿಗಳು ಆ ಹುಳದ ಬಾಯಿಯ ನಕಲೇ. ಒಂದು ಎಡಗಡೆ ಹಲ್ಲು, ಒಂದು ಬಲಗಡೆ ಹಲ್ಲು, ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗುಬುಟು. ಹಲ್ಲು ಒಂದು ಸಲಕ್ಕೆ ಎಷ್ಟು ಆಳ ಕಚ್ಚಬೇಕು ಅಂತ ತೀರ್ಮಾನಿಸುವುದು ಆ ಗುಬುಟು.

ಮೂರನೇ ತಪ್ಪು ಇಲ್ಲೇ ಆಗಿದ್ದು. ಹೊಸ ಸರಪಳಿ ಹಾಕಿ ನಾಲ್ಕು ಟೊಂಗೆ ಕಡಿದೆ. ಒಂದು ಹಳೇ ಮೊಳೆಗೆ ತಗುಲಿ ಮೊಂಡಾಯಿತು. ಚೂಪಾಗಿದ್ದರೆ ಮರದ ಚಕ್ಕೆ ಉದುರುತ್ತದೆ, ಮೊಂಡಾದರೆ ಹಿಟ್ಟು. ಹಿಟ್ಟು ಉದುರತೊಡಗಿತು. ಮೊಬೈಲಿನಲ್ಲಿ ಯಾರದೋ ವಿಡಿಯೋ ಅರ್ಧ ನೋಡಿ, ಚಪ್ಪಟೆ ಅರದಿಂದ ಆ ಗುಬುಟುಗಳನ್ನು ಚೆನ್ನಾಗಿ ಉಜ್ಜಿ ತಗ್ಗಿಸಿದೆ. ಅವು ಅಡ್ಡ ಬರುತ್ತಿವೆ ಅಂತ ನನ್ನ ಅಂದಾಜು! ಹೊಸ ಸರಪಳಿ ಮೊದಲ ಬಳಕೆಯಲ್ಲೇ ಸ್ವಲ್ಪ ಹಿಗ್ಗುತ್ತದೆ, ಮತ್ತೆ ಬಿಗಿ ಮಾಡಬೇಕು ಅನ್ನುವುದೂ ಗೊತ್ತಿರಲಿಲ್ಲ. ಅಳಿಯ ಕೆಳಗೆ ಟೊಂಗೆಗೆ ಕಟ್ಟಿದ ಹಗ್ಗ ಹಿಡಿದಿದ್ದ. ಗರಗಸ ಇಟ್ಟ ಕ್ಷಣಕ್ಕೆ ಹಲ್ಲು ಮರವನ್ನು ಗಬಕ್ಕನೆ ಕಚ್ಚಿತು, ಕೋಲು ಜಗ್ಗಿತು, ಸರಪಳಿ ಬಾರಿನಿಂದ ಕಳಚಿ ಹಾವಿನಂತೆ ಕೆಳಗೆ ಬಂತು. ‘ಮಾಮಾ!’ ಅಂದ ಒಂದೇ ಕೂಗು. ಬಲ ಹುಬ್ಬಿನ ಮೇಲೆ ಮೂರು ಹೊಲಿಗೆ. ಅಕ್ಕ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಆ ಸರಪಳಿಯನ್ನು ಕಾಗದದಲ್ಲಿ ಸುತ್ತಿಕೊಂಡು ನಮ್ಮ ಓಣಿಯ ಕೊನೆಯ ಚಾಚಾ ಹತ್ತಿರ ಹೋದೆ. ವಯಸ್ಸಿನಲ್ಲಿ ಕಟಗಿ ಅಡ್ಡಾದಲ್ಲಿ ಅಣ್ಣನ ಜೊತೆ ಇಬ್ಬರು ಎಳೆಯುವ ಗರಗಸ ಎಳೆದವರು, ಆಮೇಲೆ ಬಡಗಿಗಳ ಗರಗಸ ಮಸೆದು ಕೊಡುತ್ತಾ ಬದುಕಿದವರು. ಈಗ ಆ ಕೆಲಸ ಇಲ್ಲ. ಮೊಂಡಾದ ಬ್ಲೇಡು ಎಸೆದು ಹೊಸದು ಹಾಕುತ್ತಾರೆ.

ಬೀದರಿಗೆ ಮರದ ಕೆಲಸವೂ ಅರವೂ ಹೊಸದಲ್ಲ ನೋಡ್ರಿ. ಕೋಟೆಯೊಳಗಿನ ರಂಗೀನ್ ಮಹಲ್ ನೋಡಿದವರು ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪನ್ನು ಹೊಗಳಿ ಬರುತ್ತಾರೆ. ನನಗೆ ಇಷ್ಟ ಅಲ್ಲಿನ ಕೆತ್ತನೆಯ ಮರದ ಕಂಬಗಳು. ಅಲಿ ಬರೀದ್ ಶಾಹನ ಕಾಲದ್ದು, ಅಂದರೆ 1542ರಿಂದ 1580ರ ನಡುವಿನದು. ಆ ದಿಮ್ಮಿಗಳನ್ನು ಸೀಳಿದ್ದು ಬರೀ ತೋಳಬಲ. ಇನ್ನು ಬಿದ್ರಿಯವರು ಎರಕದಿಂದ ತೆಗೆದ ಹೂಜಿಯನ್ನು ಅರದಿಂದ ಉಜ್ಜಿ ನುಣುಪು ಮಾಡದೆ ಬೆಳ್ಳಿ ಕೂರಿಸಲು ಕೈ ಹಾಕುವುದಿಲ್ಲ. ಅರ ಅನ್ನುವುದು ಪುಸ್ತಕದ ಮಾತು. ನಮ್ಮಲ್ಲಿ ಮರಾಠಿಯವರ ಕಾನಸ್ ಓಡುತ್ತದೆ, ಫೈಲ್ ಕೂಡ ಓಡುತ್ತದೆ. 1956ರ ನವೆಂಬರ್ 1ರಂದು ನಿಜಾಮರ ಕಾಲದ ಬೀದರ್ ಜಿಲ್ಲೆಯನ್ನು ಮೂರು ರಾಜ್ಯಗಳಿಗೆ ಹಂಚಿದರು. ಭಾಲ್ಕಿ, ಔರಾದ್ ಇಲ್ಲೇ ಉಳಿದವು, ಉದಗೀರ್ ಆ ಕಡೆ ಹೋಯಿತು. ಪೆಟ್ಟಿಗೆಯಲ್ಲಿನ ಹತಾರಗಳ ಹೆಸರುಗಳನ್ನು ಮಾತ್ರ ಯಾರೂ ಹಂಚಲಿಲ್ಲ.

ಚಾಚಾ ಸರಪಳಿಯನ್ನು ಕಣ್ಣಿನ ಹತ್ತಿರ ತಂದು ಹೆಬ್ಬೆರಳಿನಿಂದ ಒಂದೊಂದೇ ಹಲ್ಲು ಸವರಿದರು. ಇಂಥದ್ದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲಂತೆ.

“ಇದೇನ್ ಮಾಡೀಯೋ ಬೇಟಾ? ಮುಂದಿಂದೆಲ್ಲ ತಗ್ಗಿಸಿ ಕೂತೀದಿ. ಲಗಾಮು ಬಿಚ್ಚಿ ಕುದ್ರಿ ಓಡಿಸಿದ್ರ ಬೀಳಂಗಿಲ್ಲೇನು?”

“ಮೊಬೈಲ್‌ದಾಗ ನೋಡಿ ಮಾಡೀನ್ರಿ ಚಾಚಾ.”

“ಪೂರಾ ನೋಡಬೇಕಿತ್ತು.”

ಕೈಪಿಡಿಯಲ್ಲಿ ಅದಕ್ಕೆ ಲೆಕ್ಕವೇ ಇದೆ. ನನ್ನಂಥ ಸರಪಳಿಯಲ್ಲಿ ಗುಬುಟು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಮಾತ್ರ ತಗ್ಗಿರಬೇಕು. ಚಾಚಾ ಅಂದದ್ದು ಅದನ್ನೇ, ಮಿಲಿಮೀಟರ್ ಇಲ್ಲದೆ. ತಗ್ಗಿಸಿದ್ದನ್ನು ಮತ್ತೆ ಏರಿಸಲು ಆಗುವುದಿಲ್ಲ, ಆ ಸರಪಳಿ ಗುಜರಿಗೇ ಸರಿ. ಮೂರನೇ ಸರಪಳಿ ತಂದೆ. ಈ ಸಲ ಅವರೇ ನಮ್ಮ ಮನೆಗೆ ಬಂದು ಕುರ್ಚಿ ಹಾಕಿಸಿಕೊಂಡು ಕೂತು ನೋಡಿದರು.

ಮೊದಲು ಪ್ಲಗ್ ಕಿತ್ತೆ, ಕೈಗೆ ಗ್ಲೌಸು ಹಾಕಿದೆ. ನಟ್ಟು ಬಿಚ್ಚಿ ಮುಚ್ಚಳ ತೆಗೆದು ಬಾರಿನ ಗಾಡಿಯಲ್ಲಿ ತುಂಬಿದ್ದ ಕೊಳೆ ಕೆರೆದೆ. ಎಣ್ಣೆ ಬರುವ ರಂಧ್ರ ಪೂರ್ತಿ ಕಟ್ಟಿತ್ತು, ನನ್ನ ಕುಸುಬಿಯ ಪ್ರತಾಪ. ಬಾರನ್ನು ತಲೆಕೆಳಗು ಮಾಡಿ ಹಾಕಿದೆ, ಒಂದೇ ಅಂಚು ಸವೆಯಬಾರದಲ್ಲ. ಬಾರಿನ ಮೇಲ್ಬದಿಯಲ್ಲಿ ಹಲ್ಲಿನ ಮೂತಿ ತುದಿಯ ಕಡೆಗೆ ಇರಬೇಕು. ತಿರುಗಾ ಹಾಕಿದರೆ ಎಷ್ಟು ಹೊತ್ತು ಒತ್ತಿದರೂ ಹೊಗೆಯೇ. ಬಾರಿನ ತುದಿಯನ್ನು ಮೇಲಕ್ಕೆ ಎತ್ತಿ ಹಿಡಿದು ಬಿಗಿ ಮಾಡಿದೆ. ನಡುವೆ ಸರಪಳಿಯನ್ನು ಎಳೆದರೆ ಸ್ವಲ್ಪ ಏಳಬೇಕು, ಆದರೆ ಒಳಕೊಂಡಿ ಗಾಡಿ ಬಿಟ್ಟು ಹೊರಗೆ ಬರಬಾರದು, ಕೈಯಿಂದ ಜಗ್ಗಿದರೆ ಸಲೀಸಾಗಿ ಸುತ್ತಬೇಕು. ಬಿಸಿ ಇರುವಾಗ ಬಿಗಿ ಮಾಡಬಾರದು, ತಣಿದ ಮೇಲೆ ಕುಗ್ಗಿ ಬಾರನ್ನೇ ಹಿಡಿದುಕೊಳ್ಳುತ್ತದೆ.

ಮಸೆಯುವುದನ್ನು ಚಾಚಾ ತಾವೇ ಹಿಡಿದು ತೋರಿಸಿದರು. 4 ಮಿಲಿಮೀಟರಿನ ದುಂಡು ಅರ, 30 ಡಿಗ್ರಿ ಓರೆ, ಒಳಗಿನಿಂದ ಹೊರಕ್ಕೆ ತಳ್ಳುವುದು ಮಾತ್ರ, ವಾಪಸ್ ಎಳೆಯುವಾಗ ತಾಗಿಸಬಾರದು. ಎಲ್ಲಕ್ಕಿಂತ ಗಿಡ್ಡ ಹಲ್ಲಿನಿಂದ ಶುರು, ಉಳಿದವನ್ನು ಅದರ ಸಮಕ್ಕೆ ತರುವುದು. ಒಂದು ಬದಿಯ ಹಲ್ಲು ಹೆಚ್ಚು ಸವೆದರೆ ಗರಗಸ ನೇರ ಹೋಗದೆ ಓರೆ ಕೊಯ್ಯುತ್ತದೆ. “ಇದು ನಮ್ಮ ಗರಗಸದ್ದೇ ಹಲ್ಲು, ಕೂಡಿ ಕುಂತಾವಷ್ಟೇ” ಅಂದರು. ಕೈಗರಗಸದಲ್ಲೂ ಒಂದು ಹಲ್ಲು ಎಡಕ್ಕೆ ಒಂದು ಬಲಕ್ಕೆ ಬಗ್ಗಿಸಿರುತ್ತಾರಲ್ಲ, ಇಲ್ಲದಿದ್ದರೆ ಬ್ಲೇಡು ಮರದಲ್ಲೇ ಸಿಕ್ಕಿಕೊಳ್ಳುತ್ತದೆ. ಕಾಕ್ಸ್ ಹುಳದ ಬಾಯಿಯಲ್ಲಿ ಕಂಡದ್ದನ್ನು ಇವರು ಎಪ್ಪತ್ತು ವರ್ಷ ಕೈಯಲ್ಲಿ ಹಿಡಿದೇ ಕೂತಿದ್ದರು.

ಮರುದಿನ ಆ ಟೊಂಗೆ ಇಳಿಯಿತು. ಅಳಿಯನನ್ನು ಅಂಗಳದಿಂದಲೇ ಆಚೆ ಕಳಿಸಿದ್ದೆ, ಹಗ್ಗವನ್ನು ದೂರದ ಗೂಟಕ್ಕೆ ಕಟ್ಟಿದ್ದೆ, ನಾನು ಟೊಂಗೆಯ ನೇರ ಕೆಳಗೆ ನಿಲ್ಲಲಿಲ್ಲ. ಬೀದಿ ಬದಿಯ ಟೊಂಗೆಗಳನ್ನು ಮುಟ್ಟಲಿಲ್ಲ, ಅಲ್ಲಿ ಕಂಬದ ತಂತಿ ಇದೆ. ಈ ಕೋಲು ಕರೆಂಟು ತಡೆಯುವಂಥದ್ದಲ್ಲ, ಅದು ಲೈನ್‌ಮನ್ ಬಂದು ಮಾಡುವ ಕೆಲಸ. ಹಿಟ್ಟಲ್ಲ, ಚಕ್ಕೆ ಚಕ್ಕೆಯಾಗಿ ಉದುರಿತು.

ಚಾಚಾಗೆ ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಆ 4 ಮಿಲಿಮೀಟರಿನ ಅರವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಇದು ಚೊಲೊ ಐತಿ. ಇಟ್ಕೋಳ್ಲೇನು?” ಅಂತ ಕೇಳಿದರು. ಗುಜರಿಗೆ ಹೋಗಬೇಕಿದ್ದ ಹಳೇ ಸರಪಳಿಯನ್ನೂ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋದರು.