ಬಾಲದ ತುದಿಗೆ ಹಾಕಿದ ಲಸಿಕೆ

ಬೆಲ್ಜಿಯಂನ ಹ್ಯಾಸೆಲ್ಟ್ ಪಟ್ಟಣ ಜಿನ್ ಮದ್ಯಕ್ಕೆ ಹೆಸರಾದದ್ದು. ಭಟ್ಟಿ ಇಳಿಸಿದ ಮೇಲೆ ಉಳಿಯುವ ಧಾನ್ಯದ ಗಸಿಯನ್ನು ಚೆಲ್ಲದೆ, ಭಟ್ಟಿಯವರು ಪಕ್ಕದಲ್ಲೇ ಕೊಟ್ಟಿಗೆ ಕಟ್ಟಿ ದನ ಕೊಬ್ಬಿಸುತ್ತಿದ್ದರು. 1830ರ ದಶಕದಲ್ಲಿ ಆ ಕೊಟ್ಟಿಗೆಗಳಿಗೆ ಶ್ವಾಸಕೋಶದ ಸಾಂಕ್ರಾಮಿಕ ರೋಗ ಹೊಕ್ಕಿತು. ಒತ್ತೊತ್ತಾಗಿ ಕಟ್ಟಿದ ದನಗಳಲ್ಲಿ ಒಂದರ ಉಸಿರಿನಿಂದ ಇನ್ನೊಂದಕ್ಕೆ ಹಬ್ಬುವ ಬೇನೆ ಇದು. ಮೊದಲು ಜ್ವರ, ಒಣಕೆಮ್ಮು. ಆಮೇಲೆ ಮೇವು ಬಿಟ್ಟ ದನ ಮುಂಗಾಲು ಅಗಲಿಸಿ, ಕುತ್ತಿಗೆ ಚಾಚಿ, ಪ್ರತಿ ಉಸಿರಿಗೂ ಒದ್ದಾಡುತ್ತ ನಿಲ್ಲುತ್ತದೆ. ಸತ್ತ ದನದ ಎದೆ ಸೀಳಿದರೆ ಒಳಗೆಲ್ಲ ಹಳದಿ ನೀರು.

ಲೂಯಿ ವಿಲೆಮ್ಸ್ ಅಂಥದೊಂದು ಭಟ್ಟಿಯವರ ಮನೆಯ ಮಗ. ಓದಿದ್ದು ಮನುಷ್ಯರ ವೈದ್ಯಕೀಯ. ಸತ್ತ ದನದ ಶ್ವಾಸಕೋಶದ ರಸವನ್ನು ಅವರು ಆರೋಗ್ಯವಾಗಿದ್ದ ದನಗಳ ಬಾಲದ ತುದಿಗೆ ಚುಚ್ಚಿದರು. ಬಾಲ ಊದಿತು, ಕೆಲವುಗಳ ತುದಿ ಕೊಳೆತು ಬಿದ್ದೂಹೋಯಿತು. ಆದರೆ ಚೇತರಿಸಿಕೊಂಡ ದನಗಳಿಗೆ ರೋಗ ಅಂಟಲಿಲ್ಲ. 1852ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ರೋಗಾಣು ಸಿದ್ಧಾಂತವೇ ಇನ್ನೂ ನೆಲೆಗೊಂಡಿರಲಿಲ್ಲ. ಈ ರೋಗದ ಸೂಕ್ಷ್ಮಜೀವಿಯನ್ನು ವಿಜ್ಞಾನಿಗಳಾದ ನೊಕಾರ್ ಮತ್ತು ರೂ ಬೆಳೆಸಿ ತೋರಿಸಿದ್ದು 1898ರಲ್ಲಿ. ಬಾಲದ ತುದಿಯೇ ಏಕೆ? ಅಲ್ಲಿ ಚರ್ಮದಡಿ ಸಡಿಲ ಮಾಂಸವಿಲ್ಲ, ಮೈಗಿಂತ ತಂಪು, ಸೋಂಕು ನಿಧಾನ. ಗಂಗೆದೊಗಲಿಗೋ ಎದೆಗೋ ಚುಚ್ಚಿದರೆ ದನವೇ ಸಾಯಬಹುದಿತ್ತು.

ಪಶ್ಚಿಮ ಆಫ್ರಿಕಾದ ದನಗಾಹಿಗಳೂ ಇದೇ ದಾರಿಯಲ್ಲಿ ನಡೆದವರು. ಅವರು ಆರಿಸಿಕೊಂಡದ್ದು ಮೂಗಿನ ಮೇಲ್ಭಾಗವನ್ನು. ಅಲ್ಲಿನ ಚರ್ಮ ಕೊಯ್ದು, ರೋಗದಿಂದ ಸತ್ತ ದನದ ಶ್ವಾಸಕೋಶದ ಚೂರನ್ನು ಒಳಗಿಡುತ್ತಿದ್ದರು. ಗಾಯ ಮಾಗುವಾಗ ಕೆಲವೊಮ್ಮೆ ಎಲುಬು ಕೊಂಬಿನಂತೆ ಬೆಳೆಯುತ್ತಿತ್ತು. ಸೆನೆಗಲ್ ಕಡೆಯ ಅಂಥ ದನಗಳನ್ನು ಕಂಡ ಫ್ರಾನ್ಸಿನ ನಿಸರ್ಗ ವಿಜ್ಞಾನಿ ರೋಶ್‌ಬ್ರೂನ್, ಮೂರು ಕೊಂಬಿನ ಬೇರೆಯೇ ತಳಿ ಎಂದು ಬರೆದುಬಿಟ್ಟರು. ಆ ದನಗಾಹಿಗಳ ಹೆಸರು ಎಲ್ಲೂ ದಾಖಲಾಗಲಿಲ್ಲ. ಲಸಿಕೆಯ ಚರಿತ್ರೆ ಬರೆಯುವವರು ವಿಲೆಮ್ಸ್ ಪಕ್ಕದಲ್ಲೇ ಅವರನ್ನೂ ಕೂರಿಸಬೇಕು.

ರೋಗ ಹಡಗು ಹತ್ತಿದ್ದೂ ಆ ಕಾಲದಲ್ಲೇ. 1843ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹಾಲು ಮಾರುತ್ತಿದ್ದ ಪೀಟರ್ ಡನ್ ಹಡಗಿನಿಂದಿಳಿದ ಒಂದು ಹಸು ಕೊಂಡ. ಅದರಿಂದ ಅಮೆರಿಕದ ಪೂರ್ವ ಕರಾವಳಿಯ ಕೊಟ್ಟಿಗೆಗಳಿಗೆ ರೋಗ ಹರಡಿತು. ಸರ್ಕಾರ 1884ರಲ್ಲಿ ಪಶು ಇಲಾಖೆಯನ್ನೇ ಹೊಸದಾಗಿ ಕಟ್ಟಿ, ಪರಿಹಾರ ಕೊಟ್ಟು ದನಗಳನ್ನು ಕೊಲ್ಲಿಸಿ, 1892ರಲ್ಲಿ ದೇಶ ರೋಗಮುಕ್ತವಾಯಿತೆಂದು ಸಾರಿತು.

ದಕ್ಷಿಣ ಆಫ್ರಿಕಾದ್ದು ಘೋರ ಕಥೆ. 1853ರಲ್ಲಿ ಹಾಲೆಂಡಿನ ಹೋರಿಗಳ ಜೊತೆ ಮೊಸೆಲ್ ಬೇ ಬಂದರಿಗೆ ಬಂದ ರೋಗ, ಬ್ರಿಟಿಷರೊಡನೆ ಯುದ್ಧ ಮಾಡಿ ಬಸವಳಿದಿದ್ದ ಕೋಸಾ ಜನರ ಹಿಂಡುಗಳನ್ನು ಹೊಕ್ಕಿತು. 1856ರಲ್ಲಿ ನಾಂಗ್‌ಕಾವುಸೆ ಎಂಬ ಹುಡುಗಿ, ಉಳಿದ ದನಗಳನ್ನೂ ಕೊಂದರೆ ಸತ್ತ ಹಿರಿಯರು ಹೊಸ ಹಿಂಡುಗಳೊಡನೆ ಎದ್ದು ಬರುತ್ತಾರೆಂದಳು. ಕಣ್ಣೆದುರೇ ದನಗಳು ಉಸಿರುಗಟ್ಟಿ ಸಾಯುತ್ತಿದ್ದಾಗ ಜನ ಆ ಮಾತನ್ನು ನಂಬಿದ್ದು ಅಚ್ಚರಿಯಲ್ಲ. ಸುಮಾರು 4 ಲಕ್ಷ ದನ ಕೊಂದರು. ಹಿಂದೆಯೇ ಬಂದ ಹಸಿವಿಗೆ ಸುಮಾರು 40,000 ಜನ ಬಲಿಯಾದರೆಂಬುದು ಇತಿಹಾಸಕಾರರ ಅಂದಾಜು.

ಭಾರತದಲ್ಲಿ ಅಸ್ಸಾಂ ಕಡೆ ಬಹುಕಾಲ ಉಳಿದಿದ್ದ ಈ ರೋಗ ಈಗಿಲ್ಲ. 2007ರಲ್ಲಿ ದೇಶಕ್ಕೆ ರೋಗಮುಕ್ತವೆಂಬ ಮಾನ್ಯತೆ ಸಿಕ್ಕಿತು. ಆಫ್ರಿಕಾದ ಹಲವು ದೇಶಗಳಲ್ಲಿ ಇನ್ನೂ ಇದೆ. ವಾಸಿಯಾದಂತೆ ಕಾಣುವ ಹಸುವಿನ ಶ್ವಾಸಕೋಶದಲ್ಲಿ ಸತ್ತ ಮಾಂಸದ ಗಂಟು ಉಳಿದು, ಅದರೊಳಗೆ ರೋಗಾಣು ತಿಂಗಳುಗಟ್ಟಲೆ ಬದುಕಿರುತ್ತದೆ. ಅದಕ್ಕೇ ಪಶುವೈದ್ಯ ಇಲಾಖೆಗಳು ಔಷಧಿಗಿಂತ ಲಸಿಕೆ, ವಧೆಗಳತ್ತ ವಾಲಿದವು. ಆದರೆ ಕೊಂದ ದನಕ್ಕೆ ಪರಿಹಾರ ಸಿಗದ ಕಡೆ, ಎರಡು ಮೂರು ಹಸುಗಳನ್ನೇ ನೆಚ್ಚಿಕೊಂಡವರು ಸಂತೆಯಲ್ಲಿ ಕೊಂಡ ಆಂಟಿಬಯೋಟಿಕ್ ಅನ್ನು ತಾವೇ ಚುಚ್ಚಿ, ಹಸುವನ್ನು ಉಳಿಸಿಕೊಳ್ಳಲು ನೋಡುತ್ತಾರೆ.