ಬಾಯಿಯ ಅರ್ಬುದವೂ ಕೊರಳಿನ ಗ್ರಂಥಿಗಳೂ: ಒಂದು ಚಿಕಿತ್ಸೆಯ ಇತಿಹಾಸ

ಬಾಯಿಯ ಅರ್ಬುದರೋಗದಲ್ಲಿ ರೋಗಿಯ ಅಳಿವು ಉಳಿವುಗಳು ಬಹುಮಟ್ಟಿಗೆ ಕೊರಳಿನ ದುಗ್ಧರಸ ಗ್ರಂಥಿಗಳನ್ನು ಅವಲಂಬಿಸಿವೆ. ರೋಗವು ಅಲ್ಲಿಗೆ ಹಬ್ಬಿದರೆ ಬದುಕುಳಿಯುವ ಸಂಭವವು ಸುಮಾರು ಅರ್ಧಕ್ಕೆ ಇಳಿಯುತ್ತದೆ.

1906ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ ಅವರು 132 ಶಸ್ತ್ರಕ್ರಿಯೆಗಳ ಅನುಭವವನ್ನು ಪ್ರಕಟಿಸಿ, ಗ್ರಂಥಿಗಳನ್ನು ಬಿಡಿಬಿಡಿಯಾಗಿ ಕೀಳದೆ ಸುತ್ತಲಿನ ಅಂಗಾಂಶದೊಡನೆ ಒಟ್ಟಾಗಿ ತೆಗೆಯಬೇಕೆಂದು ಪ್ರತಿಪಾದಿಸಿದರು. 1951ರಲ್ಲಿ ಹೇಯ್ಸ್ ಮಾರ್ಟಿನ್ ವಿವರಿಸಿದ ಕ್ರಮದಲ್ಲಿ ಕೊರಳಿನ ದೊಡ್ಡ ಅಭಿಧಮನಿ, ಸ್ನಾಯು, ಭುಜವನ್ನೆತ್ತುವ ನರ ಇವೂ ಹೋಗುತ್ತಿದ್ದವು. ಬದುಕಿದವರ ಭುಜ ಜೋಲುತ್ತಿತ್ತು. ಇವುಗಳನ್ನು ಉಳಿಸಿಯೂ ಗ್ರಂಥಿಗಳನ್ನು ತೆಗೆಯುವ ಮಾರ್ಗವನ್ನು 1963ರಲ್ಲಿ ಅರ್ಜೆಂಟೀನಾದ ಓಸ್ವಾಲ್ಡೊ ಸ್ವಾರೆಸ್ ನಿರೂಪಿಸಿದರು.

ಆದರೆ ಕೈಗೆ ಗಂಟು ಸಿಗದಿರುವಾಗಲೇ ಗ್ರಂಥಿಗಳನ್ನು ತೆಗೆಯುವುದು ಉಚಿತವೆ, ಕಾದು ನೋಡುವುದು ಲೇಸೆ? ಎಲೆ, ಅಡಿಕೆ, ಹೊಗೆಸೊಪ್ಪುಗಳ ಬಳಕೆಯುಳ್ಳ ನಮ್ಮ ನಾಡಿನಲ್ಲಿ ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಹಾಸನ–ಬೇಲೂರು ರಸ್ತೆಯ ಹಗರೆಯಂತಹ ಊರಿನ ರೈತನು 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಗೆ ಬಂದು ಚಿಕಿತ್ಸೆ ಪಡೆದನೆನ್ನೋಣ. ಕಾದು ನೋಡುವುದೆಂದರೆ ಅವನು ಬಿತ್ತನೆ ಕೊಯ್ಲುಗಳ ನಡುವೆ ತಪ್ಪದೆ ಮತ್ತೆ ಮತ್ತೆ ತಪಾಸಣೆಗೆ ಬರಬೇಕು.

ಈ ಪ್ರಶ್ನೆಗೆ ದೃಢವಾದ ಉತ್ತರ ದೊರೆತದ್ದು ನಮ್ಮ ದೇಶದಲ್ಲಿಯೇ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು ರೋಗದ ಆರಂಭಾವಸ್ಥೆಯಲ್ಲಿದ್ದ 500 ಮಂದಿಯ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿತು. ಮೂರು ವರ್ಷಗಳ ಅನಂತರ ಬದುಕಿದ್ದವರ ಪ್ರಮಾಣ, ಗ್ರಂಥಿಗಳನ್ನು ಮೊದಲೇ ತೆಗೆದವರಲ್ಲಿ ಶೇಕಡ 80. ಕಾದು ನೋಡಿದವರಲ್ಲಿ ಶೇಕಡ 67.5. ಕಾದವರಲ್ಲಿ ಗಂಟು ಕಾಣಿಸಿಕೊಂಡಾಗ ರೋಗವು ಹೆಚ್ಚು ಬಲಿತಿರುತ್ತಿತ್ತು.

ಕ್ರೈಲ್ ಅವರಿಂದ ಇಲ್ಲಿಯವರೆಗಿನ ಶತಮಾನವು ಎರಡು ಪಾಠಗಳನ್ನು ಕಲಿಸಿದೆ: ಕೊಯ್ತವು ಮಿತವಾಗಿರಬೇಕು, ಆದರೆ ತಡವಾಗಬಾರದು. ದೂರದೂರಿನ ರೋಗಿಗೆ ಎರಡನೆಯ ಪಾಠವೇ ಪ್ರಾಣಾಧಾರ.